ಕಾರ್ಣಿಕ ಕೇಳಿ, ಆದರೆ ಚಿತ್ತೆ ಮಳೆಯನ್ನು ನೀವೇ ಅಳೆಯಿರಿ

ಆಯುಧಪೂಜೆ ಸಂಜೆ ಆಯ್ತು ಅಂದ್ರೆ ನಮ್ಮ ರೈತರ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಓಡಾಡುತ್ತೆ. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರ್ಣಿಕ ಅದು. ಉಪವಾಸ ವ್ರತ ಹಿಡಿದ ಗೊರವಯ್ಯ ನೆಟ್ಟಗೆ ನಿಲ್ಲಿಸಿದ ದೊಡ್ಡ ಬಿಲ್ಲನ್ನೇರಿ ‘ಸದ್ದಲೇ’ ಅಂತ ಕೂಗ್ತಾರೆ. ಸೇರಿದ ಜನವೆಲ್ಲ ಸುಮ್ಮನಾಗುತ್ತೆ. ಒಂದೇ ಸಾಲು ನುಡಿದು ‘ಪರಾಕ್’ ಎಂದು ಮೇಲಿಂದ ಬೀಳ್ತಾರೆ, ಕೆಳಗಿದ್ದವರು ಹಿಡ್ಕೊಳ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲೂ ಭರತ ಹುಣ್ಣಿಮೆ ಹೊತ್ತಿಗೆ ಇಂಥದ್ದೇ ಕಾರ್ಣಿಕ ನಡೆಯುತ್ತೆ.

ಆ ಸಾಲು ಒಗಟಿನ ಹಾಗಿರುತ್ತೆ. ಮಳೆ, ಬೆಳೆ, ರಾಜಕೀಯ ಅಂತ ಒಬ್ಬೊಬ್ಬರು ಒಂದೊಂದು ಅರ್ಥ ಬಿಡಿಸ್ತಾರೆ. ನಂಬಿಕೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ಈ ಸಲ ಮಳೆ ಚೆನ್ನಾಗಿದೆಯಂತೆ’ ಅನ್ನೋ ಮಾತು ಕೇಳಿ ಮುಂದಿನ ವರ್ಷದ ಶುಂಠಿಗೆ ಈಗಲೇ ಸಾಲ ಮಾಡೋದು, ರಾಗಿ ಕೊಯ್ಲಿನ ದಿನ ಗೊತ್ತು ಮಾಡೋದು ಬೇರೆ ವಿಷಯ.

ಕುರುಡು ಚಿತ್ತೆ

ಕಾರ್ಣಿಕ ಇಡೀ ನಾಡಿಗೆ ಒಂದೇ ಮಾತು ಹೇಳುತ್ತೆ. ನಮ್ಮ ಹಿರಿಯರ ಮಳೆ ಲೆಕ್ಕ ಹಾಗಲ್ಲ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಅಕ್ಟೋಬರ್ 10ರ ಆಸುಪಾಸಿನಲ್ಲಿ ಹುಟ್ಟೋ ಚಿತ್ತೆಯನ್ನು ಅವರು ‘ಕುರುಡು ಚಿತ್ತೆ’ ಅಂದರು. ಕಣ್ಣಿಲ್ಲದವರು ಎರಚಿದ ಹಾಗೆ ಬಿದ್ದ ಕಡೆ ಬೀಳುತ್ತೆ ಅಂತ.

ಇದು ಬರೀ ಗಾದೆಯಲ್ಲ. ನೈರುತ್ಯ ಮುಂಗಾರು ಹಿಂದೆ ಸರಿದು ಹಿಂಗಾರು ಶುರುವಾಗೋ ಈ ಹೊತ್ತಲ್ಲಿ, ಬಿಸಿಲಿಗೆ ನೆಲ ಕಾದು ಮಧ್ಯಾಹ್ನದ ಮೇಲೆ ಗುಡುಗು ಮೋಡ ಏಳುತ್ತೆ. ಅಂಥ ಮೋಡ ಚಿಕ್ಕದು. ಅರಕಲಗೂಡಲ್ಲಿ ಸುರಿದ ದಿನವೇ ಚನ್ನರಾಯಪಟ್ಟಣದಲ್ಲಿ ಬಿಸಿಲಿರಬಹುದು. ಒಂದೇ ಊರಿನ ಕೆರೆ ಆಚೆ ಹದ, ಈಚೆ ಒಣ ಆಗಬಹುದು. ತೆನೆ ಬಿಡೋ ರಾಗಿಗೆ ಈ ಮಳೆ ಜೀವ. ಅದೇ ಮಳೆ ಸ್ವಾತಿ, ವಿಶಾಖದಲ್ಲಿ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಬಂದರೆ, ಕೊಯ್ದು ಅರಿ ಹಾಕಿದ ರಾಗಿ ಮೊಳಕೆ ಬರುತ್ತೆ, ಹುಲ್ಲು ಕಪ್ಪಾಗುತ್ತೆ. ವರ್ಷದ ಊಟವೂ ಹಸುವಿನ ಮೇವೂ ಒಟ್ಟಿಗೇ ಹೋಗುತ್ತೆ.

ಈ ವಾರ ಮಾಡಬೇಕಾದ್ದು

• ತಳ ಸಮವಾಗಿರೋ, ಮೇಲಿಂದ ಕೆಳಗೆ ಒಂದೇ ಅಗಲದ ಡಬ್ಬ ತಗೊಳ್ಳಿ. ಮರ, ಮನೆ ಇಲ್ಲದ ಬಯಲಲ್ಲಿ ಗೂಟಕ್ಕೆ ಕಟ್ಟಿ. ದಿನಾ ಬೆಳಗ್ಗೆ 8.30ಕ್ಕೆ ಸ್ಕೇಲಿನಲ್ಲಿ ನೀರಿನ ಎತ್ತರ ನೋಡಿ, ಮೊಬೈಲಲ್ಲಿ ಬರೆದು, ನೀರು ಚೆಲ್ಲಿ.

• 1 ಮಿ.ಮೀ. ಮಳೆ ಅಂದ್ರೆ ಎಕರೆಗೆ ಸುಮಾರು 4,000 ಲೀಟರ್ ನೀರು. 10 ಮಿ.ಮೀ. ಬಿದ್ದರೆ 40,000 ಲೀಟರ್. ಮೋಟರ್ ಹಾಕೋ ಮುಂಚೆ ಈ ಲೆಕ್ಕ ಮಾಡಿ. ಜೀವಾಮೃತ ಕೊಡೋದಿದ್ದರೆ ಮಳೆ ನಿಂತ ಮೇಲೆ, ಹದ ಇರುವಾಗ ಕೊಡಿ.

• ಹವಾಮಾನ ಇಲಾಖೆಯ ‘ಮೇಘದೂತ್’ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲೆಯ ಕೃಷಿ ಸಲಹೆ ಬರುತ್ತೆ. ಅದನ್ನು ನೋಡಿಯೇ ಕೊಯ್ಲಿಗೆ ಆಳು, ಯಂತ್ರ ಹೇಳಿ. ಮೋಡ ಇದ್ದರೆ ಎಲ್ಲವನ್ನೂ ಒಂದೇ ದಿನ ಕೊಯ್ಯಬೇಡಿ. ಒಣಗಿಸಿ ಮೆದೆ ಹಾಕೋಕೆ ಆಗುವಷ್ಟೇ ಕೊಯ್ಯಿರಿ.

• ಜಡಿಮಳೆ, ಮೋಡ ಮೂರ್ನಾಲ್ಕು ದಿನ ಹಿಡಿದರೆ ರಾಗಿ ತೆನೆಯ ಕತ್ತು ನೋಡಿ. ಕಪ್ಪಾಗ್ತಿದ್ದರೆ ಬೆಂಕಿ ರೋಗ ಇರಬಹುದು. ಶುಂಠಿ ಮಡಿಯಲ್ಲಿ ನೀರು ನಿಲ್ಲದ ಹಾಗೆ ಕಾಲುವೆ ಬಿಡಿಸಿ.

• ಗುಡುಗು ಕೇಳಿದ ಕೂಡಲೇ ಹೊಲ ಬಿಡಿ. ಮರದ ಕೆಳಗೆ ನಿಲ್ಲಬೇಡಿ.

ಕಾರ್ಣಿಕದ ಸಾಲು ವರ್ಷಕ್ಕೊಂದು, ನಿಮ್ಮ ಡಬ್ಬದ ಲೆಕ್ಕ ದಿನಕ್ಕೊಂದು. ಮೂರು ವರ್ಷ ಬಿಡದೆ ಬರೆದಿಡಿ. ಯಾವ ಮಳೆಗೆ ಬಿತ್ತಿದರೆ ನಿಮ್ಮ ಹೊಲದಲ್ಲಿ ಕೊಯ್ಲು ಒಣ ದಿನಕ್ಕೆ ಬರುತ್ತೆ ಅನ್ನೋದು ಆ ಪಟ್ಟಿಯಲ್ಲೇ ಕಾಣೋಕೆ ಶುರುವಾಗುತ್ತೆ.