ವೀಣೆಗೆ ಯಾವ ಬಣ್ಣ?

ತಾಯಿಯವರ ಹಲಸಿನ ಮರದ ವೀಣೆಯನ್ನು ಅಂದಗೊಳಿಸುವ ಉತ್ಸಾಹದಲ್ಲಿ ನಾನೊಮ್ಮೆ ಅದರ ಕೊಡದ ಮೇಲ್ಹಲಗೆಗೆ ದಪ್ಪನಾಗಿ ಎನಾಮೆಲ್ ಬಳಿದೆ. ಬಣ್ಣ ಮಿನುಗಿತು; ನಾದ ಮಂಕಾಯಿತು.

ಕಾರಣ ಸರಳವಾದುದು. ತಂತಿಯ ಕಂಪನ ಕುದುರೆಯ ಮೂಲಕ ಆ ತೆಳುಹಲಗೆಗೆ ಇಳಿದು, ಅದನ್ನು ನಡುಗಿಸಿ ನಾದವಾಗುತ್ತದೆ. ದಪ್ಪ ಲೇಪವು ಹಲಗೆಯ ಭಾರವನ್ನು ಹೆಚ್ಚಿಸಿ ಆ ನಡುಕವನ್ನು ಹೀರಿಬಿಡುತ್ತದೆ. ಆದುದರಿಂದ ಹಲಗೆಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಮೆರುಗೇ ಲೇಸು. ಅದು ಬೇಗ ಆರುತ್ತದೆ, ತೆಳುವಾಗಿ ನಿಲ್ಲುತ್ತದೆ, ಮರದ ಎಳೆಗಳನ್ನು ಮರೆಸುವುದಿಲ್ಲ. ಬಟ್ಟೆಯುಂಡೆಯಿಂದ ತೀಡಿ, ಒಂದು ಪದರ ಆರಿದ ಮೇಲೆಯೇ ಇನ್ನೊಂದನ್ನು ಹಚ್ಚಬೇಕು. ಬಣ್ಣದ ಚಿತ್ತಾರ ಬೇಕೆನ್ನುವವರಿಗೆ ದಂಡಿಯ ತುದಿಯ ಯಾಳಿಮುಖವಿದೆ, ಕೆಳಗಿನ ಬುರುಡೆಯಿದೆ. ನಾದದಲ್ಲಿ ಅವುಗಳ ಪಾಲು ಅಲ್ಪ.

ನಾನು ಎನಾಮೆಲನ್ನು ಹೆರೆಸಿದೆ. ಅದರೊಡನೆ ಮರವೂ ಕೊಂಚ ಹೋಯಿತು. ತಾಯಿಯವರ ಕಾಲದ ನಾದ ಪೂರ್ತಿಯಾಗಿ ಮರಳಲಿಲ್ಲ.