ನಿಮಗಿದು ಗೊತ್ತೆ? ಚಕ್ರದಡಿಯಲ್ಲೇ ಅಡಗಿದ ಗೇರು

1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಗಿಲಾಗಿ ನಿರ್ಮಾಣಗೊಂಡ ಫೋರ್ಡ್ ಮಾಡೆಲ್ ಟಿ ಮೋಟಾರಿನ ಸ್ಟಿಯರಿಂಗ್ ಗೇರು, ಇತರ ವಾಹನಗಳಲ್ಲಿ ಸಾಮಾನ್ಯವಾಗಿ ಕಾಣುವಂತೆ ಸ್ಟಿಯರಿಂಗ್ ದಂಡದ ಬುಡದಲ್ಲಿರದೆ, ಚಾಲಕನ ಕೈಯಡಿಯಲ್ಲೇ, ಸ್ಟಿಯರಿಂಗ್ ಚಕ್ರಕ್ಕೆ ಹೊಂದಿಕೊಂಡ ದುಂಡನೆಯ ಲೋಹದ ಗೂಡಿನಲ್ಲಿ ಅಡಗಿರುತ್ತದೆ. ಅದರೊಳಗೆ, ಸೂರ್ಯನನ್ನು ಗ್ರಹಗಳು ಸುತ್ತುವಂತೆ, ನಡುವಣ ಹಲ್ಲುಚಕ್ರವನ್ನು ಮೂರು ಕಿರುಚಕ್ರಗಳು ಸುತ್ತುವುದರಿಂದ, ಚಾಲಕನು ನಾಲ್ಕು ಅಂಶ ತಿರುಗಿಸಿದರೆ ದಂಡವು ಒಂದೇ ಅಂಶ ತಿರುಗುವುದು. ಕಡೆಯ ವರ್ಷಗಳಲ್ಲಿ ಈ ಪ್ರಮಾಣವನ್ನು ಐದಕ್ಕೆ ಒಂದರಂತೆ ಮಾರ್ಪಡಿಸಲಾಯಿತು.

ಈ ಸ್ಟಿಯರಿಂಗ್ ವ್ಯವಸ್ಥೆಯ ಹೊಂದಾಣಿಕೆಯ ವಿಧಾನವೋ ಅತ್ಯಂತ ಸರಳ. ದಂಡದ ಚಲನೆಯನ್ನು ಮುಂಗಾಲಿಗಳಿಗೆ ಒಯ್ಯುವ ಸರಳಿನ ಗುಂಡುಕೀಲುಗಳು ಸವೆದು ಸಡಿಲಗೊಂಡಾಗ, ಅವುಗಳ ಟೋಪಿಯನ್ನು ಬಿಚ್ಚಿ, ಅಂಚನ್ನು ಅರದಿಂದ ತುಸು ಉಜ್ಜಿ, ಗುಂಡು ಅಲುಗಾಡದಂತೆಯೂ ಆದರೆ ಸಿಕ್ಕಿಕೊಳ್ಳದಂತೆಯೂ ಮರಳಿ ಬಿಗಿಯುವುದನ್ನೇ ಕಂಪನಿಯ ಕೈಪಿಡಿ ಬೋಧಿಸುತ್ತಿತ್ತು. ಇದರ ಜೊತೆಗೆ, ಮುಂಗಾಲಿಗಳ ನಡುವಣ ಅಂತರವು ಹಿಂಬದಿಗಿಂತ ಮುಂಬದಿಯಲ್ಲಿ ಸುಮಾರು ಕಾಲು ಅಂಗುಲ ಕಡಿಮೆಯಿರಬೇಕು.

ಜೋಡಿಸುವವರು ವಿಶೇಷವಾಗಿ ಪರೀಕ್ಷಿಸಬೇಕಾದದ್ದು ಇನ್ನೊಂದಿದೆ: ಭಾಗಗಳು ಸವೆದಿದ್ದಲ್ಲಿ, ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ದಂಡದ ಕೆಳಗಿನ ತೋಳು ಸರಳಿನ ನೇರವನ್ನು ದಾಟಿ ಹೋಗಿ, ಬಳಿಕ ಚಾಲಕನು ಎಷ್ಟೇ ಹಿಂದಕ್ಕೆಳೆದರೂ ಗಾಲಿಗಳು ತಿರುಗಿದ ದಿಕ್ಕಿನಲ್ಲಿಯೇ ನಿಂತುಬಿಡಬಹುದು. ಆದುದರಿಂದ ವಾಹನವನ್ನು ರಸ್ತೆಗಿಳಿಸುವ ಮೊದಲೇ, ಮುಂದಿನ ಅಚ್ಚನ್ನು ಜಾಕಿನಿಂದೆತ್ತಿ, ಎರಡೂ ಬದಿಗೆ ಪೂರ್ಣವಾಗಿ ತಿರುಗಿಸಿ ನೋಡತಕ್ಕದ್ದು.