ಕತ್ತಲಿದ್ದರೆ ಸಾಲದು, ಗಾಳಿ ಮಲಗಬೇಕು

ನವಲಗುಂದದ ಕಡೆ ಎರಿ ಹೊಲದಾಗ ರಾತ್ರಿ ನಿಂತವರಿಗೆ ಆಕಾಶದ ಬಗ್ಗೆ ಒಂದಿಷ್ಟು ಜಂಬ ಇದ್ದೇ ಇರುತ್ತದೆ. ನೈರುತ್ಯದ ಅಂಚಿನಲ್ಲಿ ಹುಬ್ಬಳ್ಳಿಯ ಬೆಳಕು ಮಬ್ಬಾಗಿ ಕಾಣುವುದು ಬಿಟ್ಟರೆ ಉಳಿದದ್ದೆಲ್ಲ ಕಗ್ಗತ್ತಲು. ಇಂಥ ಕತ್ತಲು ಬೆಂಗಳೂರಿನವರಿಗೆ ಎಲ್ಲಿ ಸಿಗಬೇಕು, ಗ್ರಹಗಳ ಫೋಟೊ ತೆಗೆಯಲು ನಮ್ಮೂರೇ ಸೈ ಎಂದು ನಾನೂ ನಂಬಿದ್ದೆ. ಗ್ರಹಗಳ ಮಟ್ಟಿಗೆ ಇದು ತಪ್ಪು. ಕತ್ತಲು ಬೇಕಾದದ್ದು ಆಕಾಶಗಂಗೆಗೆ, ನೀಹಾರಿಕೆಗಳಿಗೆ. ಗುರು, ಶನಿ, ಮಂಗಳ ಬಿಸಿಲು ಬಿದ್ದ ಗೋಡೆ ಇದ್ದ ಹಾಗೆ. ಬೀದಿದೀಪದ ಪಕ್ಕ ನಿಂತು ತೆಗೆದರೂ ನಡೆಯುತ್ತದೆ. ಅವಕ್ಕೆ ಬೇಕಾದದ್ದು ಅಲುಗಾಡದ ಗಾಳಿ.

2026ರ ಜನವರಿ 10ರಂದು ಗುರು ಸೂರ್ಯನಿಗೆ ನೇರ ಎದುರಾಗಿದ್ದ. ಆ ವಾರ 114 ಮಿಲಿಮೀಟರ್ ಕನ್ನಡಿಯ ದೂರದರ್ಶಕವನ್ನು ಮಾಳಿಗೆಗೇರಿಸಿ, ಕಣ್ಣಿಡುವ ಮಸೂರಕ್ಕೆ ಮೊಬೈಲ್ ಒತ್ತಿ ಹಿಡಿದು ಒಂದು ಫೋಟೊ ಹೊಡೆದೆ. ಬಂದದ್ದು ಬಿಳೀ ಉಂಡೆ. ಪಕ್ಕದ ಮನೆಯ ಕಾಕಾ ಇಣುಕಿ, “ಇದೇನೋ ತಮ್ಮಾ, ಹಂಚಿಗೆ ಹತ್ತಿದ ರೊಟ್ಟಿ ತುಣುಕ ಇದ್ದಂಗ ಐತಿ” ಅಂದರು. ದೂರದರ್ಶಕವೇ ಕೆಟ್ಟದ್ದು ಎಂದು ಆ ರಾತ್ರಿ ಮಲಗಿದೆ. ಕೆಟ್ಟಿರಲಿಲ್ಲ. ಪರದೆಯ ತುಂಬ ಕಪ್ಪು ಆಕಾಶ ಕಂಡ ಮೊಬೈಲ್, ಬೆಳಕು ಸಾಲದು ಎಂದುಕೊಂಡು ಗ್ರಹವನ್ನು ಸುಟ್ಟುಬಿಡುತ್ತದೆ. ಗ್ರಹದ ಮೇಲೆ ಬೆರಳೊತ್ತಿ ಹಿಡಿದು, ಬೆಳಕಿನ ಮಟ್ಟ ಕೆಳಗೆ ಎಳೆದರೆ ಎರಡು ಕಂದು ಪಟ್ಟಿಗಳು ಮೂಡುತ್ತವೆ. ಆಗ ಗುರುವಿನ ನಾಲ್ಕು ದೊಡ್ಡ ಚಂದ್ರರು ಮಾಯ. ಪಟ್ಟಿಯೂ ಚಂದ್ರರೂ ಒಟ್ಟಿಗೆ ಹೊಳೆಯುವ ಚಿತ್ರಗಳು ಬಹುಪಾಲು ಎರಡು ಫೋಟೊಗಳ ಜೋಡಣೆ.

ಇನ್ನು ಗಾಳಿ. ನಕ್ಷತ್ರಗಳು ಮಿಣಮಿಣ ಮಿನುಗುವ ರಾತ್ರಿಯೇ ಶ್ರೇಷ್ಠ ಎಂಬುದು ಎಲ್ಲರ ಎಣಿಕೆ. ಆದರೆ ಮಿನುಗು ಎಂದರೆ ಮೇಲಿನ ಗಾಳಿ ಕುದಿಯುತ್ತಿದೆ ಎಂದರ್ಥ. ಆ ರಾತ್ರಿ ಗುರು ಹರಿವ ನೀರಿನ ತಳದ ನಾಣ್ಯದಂತೆ ನಡುಗುತ್ತಾನೆ. ತುಸು ಮಂಜಿದ್ದು ಚುಕ್ಕಿಗಳು ಮಂಕಾಗಿ ಸ್ಥಿರವಾಗಿ ನಿಂತ ರಾತ್ರಿಯೇ ಎಷ್ಟೋ ಸಲ ಒಳ್ಳೆಯದು. ಅರ್ಧ ಕುದಿತ ನಾವೇ ಮಾಡಿಕೊಂಡದ್ದು. ಹಗಲೆಲ್ಲ ಕಾದ ಸ್ಲ್ಯಾಬು, ಪಕ್ಕದ ಪತ್ರಾಸು ರಾತ್ರಿ ಬಹಳ ಹೊತ್ತು ಬಿಸಿ ಉಗುಳುತ್ತವೆ. ಹಸಿರು ಕಡ್ಲಿ ಹೊಲದ ಬದುವಿನಲ್ಲಿ ಜಮಖಾನ ಹಾಸಿ ಕೂತ ದಿನ ಅದೇ ದೂರದರ್ಶಕ ಬೇರೆಯದೇ ಅನ್ನಿಸಿತು. ಅದನ್ನು ಮನೆಯಿಂದ ಹೊರತಂದು ಒಂದು ತಾಸು ಆರಲು ಬಿಡಬೇಕು, ಒಳಗಿನ ಬಿಸಿಗಾಳಿಯೂ ಚಿತ್ರ ಕದಡುತ್ತದೆ. ನಮಗೊಂದು ನಿಜವಾದ ಅನುಕೂಲವಿದೆ, ಅದು ಕತ್ತಲಲ್ಲ. ನವಲಗುಂದ ಇರುವುದು 15 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ, ಹಾಗಾಗಿ ಗ್ರಹಗಳು ನೆತ್ತಿಯ ಹತ್ತಿರ ಬರುತ್ತವೆ, ದಾಟಬೇಕಾದ ಗಾಳಿ ಕಡಿಮೆ. 2018ರಲ್ಲಿ ಲಂಡನ್ನಿನವರಿಗೆ ಶನಿ ಹೆಚ್ಚೆಂದರೆ 16 ಡಿಗ್ರಿ ಏರಿದ್ದ, ನಮಗೆ 52. ಕುತ್ತಿಗೆ ನೋವು ಅದರ ಬಾಡಿಗೆ.

ದೂರದರ್ಶಕದ ಡಬ್ಬಿಯ ಮೇಲಿನ “525 ಪಟ್ಟು ಹಿಗ್ಗಿಸುತ್ತದೆ” ಬರೀ ಮಾರಾಟದ ಮಾತು. ಕನ್ನಡಿ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟು ಗರಿಷ್ಠ ಮಿತಿ. ಅದೂ ಗಾಳಿ ಮಲಗಿದಾಗ; ಉಳಿದ ದಿನ ನನ್ನದರಲ್ಲಿ 150 ದಾಟಿದರೆ ಮಸುಕೇ ದೊಡ್ಡದಾಗುತ್ತದೆ.

ದೂರದರ್ಶಕವನ್ನು ಗ್ರಹದ ಹಿಂದೆಯೇ ತಿರುಗಿಸುವ ಮೋಟರ್ ಇಲ್ಲದೆ ಆಗದು ಎಂಬ ಮಾತೂ ಹಾಗೆಯೇ. ಭೂಮಿ ತಿರುಗುವುದರಿಂದ ಗುರು ಮೂರು ಸೆಕೆಂಡಿಗೆ ತನ್ನ ಅಗಲದಷ್ಟು ಜರುಗುತ್ತಾನೆ. ಜರುಗಲಿ. ಒಂದೇ ಫೋಟೊದ ಬದಲು ಎರಡು ನಿಮಿಷ ವಿಡಿಯೊ ಮಾಡಿ, ಸೆಕೆಂಡಿಗೆ 30ರಂತೆ 3600 ಚಿತ್ರಗಳು ಸಿಗುತ್ತವೆ. ಪಿಪ್ ಎಂಬ ತಂತ್ರಾಂಶ ಗ್ರಹವನ್ನು ಪ್ರತಿ ಚಿತ್ರದಲ್ಲೂ ನಡುವಿಗೆ ತರುತ್ತದೆ, ಆಟೊಸ್ಟ್ಯಾಕರ್ಟ್ ಗಾಳಿ ಸುಮ್ಮನಿದ್ದ ಗಳಿಗೆಯ ಚಿತ್ರಗಳನ್ನು ಆರಿಸಿ ಒಂದರ ಮೇಲೊಂದು ಜೋಡಿಸುತ್ತದೆ. ಎರಡೂ ಉಚಿತ. ಬಹಳ ಹೊತ್ತು ವಿಡಿಯೊ ಮಾಡಬೇಡಿ, ಗುರು ಹತ್ತು ತಾಸಿನೊಳಗೆ ಒಂದು ಸುತ್ತು ಹೊರಳುವವ, ಗುರುತುಗಳು ಕಲಸಿಹೋಗುತ್ತವೆ. “ಅಂದ್ರ ಇದು ಕಂಪ್ಯೂಟರ್ ಮಾಡಿದ ಫೋಟೊ” ಎನ್ನುವವರಿಗೆ ನನ್ನ ಉತ್ತರ: ಕಾಳು ಕಂಪ್ಯೂಟರಿನದಲ್ಲ, ಅದು ತೂರಿ ಹೊಟ್ಟು ಬೇರೆ ಮಾಡಿತು, ಅಷ್ಟೆ. ಆಮೇಲೆ ಅಂಚು ಚೂಪು ಮಾಡುವ ಹುರುಪಿನಲ್ಲಿ ಇಲ್ಲದ ಗೆರೆ ಮೂಡಿಸಿದರೆ ಆ ತಪ್ಪು ನಮ್ಮದು.

ಆಗಸ್ಟ್ 27ಕ್ಕೆ ಮಂಗಳ ಚಂದ್ರನಷ್ಟು ದೊಡ್ಡದು ಕಾಣುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಇದರ ಬೇರು 2003ರಲ್ಲಿದೆ. ಅಂದು ಮಂಗಳ ಸುಮಾರು 5.6 ಕೋಟಿ ಕಿಲೋಮೀಟರಿಗೆ ಬಂದಿತ್ತು. 75 ಪಟ್ಟು ಹಿಗ್ಗಿಸಿದರೆ ಬರಿಗಣ್ಣಿನ ಚಂದ್ರನಷ್ಟು ಕಾಣುತ್ತಿತ್ತು. ಕೈದಾಟುತ್ತ ‘75 ಪಟ್ಟು’ ಉದುರಿಹೋಯಿತು.

ಶನಿಯ ಬಳೆ ಸದಾ ಪುಸ್ತಕದಲ್ಲಿದ್ದಂತೆ ಅಗಲವಾಗಿ ಕಾಣದು. 2025ರ ಮಾರ್ಚಿನಲ್ಲಿ ಅದು ನಮಗೆ ಅಂಚು ತೋರಿಸಿ ನಿಂತಿತ್ತು, ನವೆಂಬರಿನಲ್ಲೂ ಗುಂಡಿಗೆ ಸೂಜಿ ಚುಚ್ಚಿದಷ್ಟೇ ತೆಳುವು. ಸುಮಾರು 15 ವರ್ಷಕ್ಕೊಮ್ಮೆ ಹೀಗೆ. 1610ರಲ್ಲಿ ಶನಿಯ ಎರಡು ಪಕ್ಕದಲ್ಲಿ ಏನೋ ಕಂಡಿದ್ದ ಗೆಲಿಲಿಯೊ, 1612ರಲ್ಲಿ ಅದು ಕಾಣದೆ ತಬ್ಬಿಬ್ಬಾಗಿದ್ದ.

ಆ ನವೆಂಬರಿನಲ್ಲಿ ನಮ್ಮ ಅಜ್ಜಿ ಹತ್ತಿರವೇ ಬರಲಿಲ್ಲ. “ಶನೀನ್ನ ಯಾಕ ಕರದು ಮನೀ ಮ್ಯಾಲ ಕೂಡಸ್ಕೊತಿ?” ಮೂರನೆಯ ದಿನ ತಾನಾಗಿ ಬಂದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. “ಇಷ್ಟ ಸಣ್ಣಾಂವ ಅದಾನೇನು? ಇಂವಗ ಎಳ್ಳೆಣ್ಣಿ ಎಷ್ಟ ಸುರದೇನಿ!”